ಜೀನೆಟ್ ರ‍್ಯಾಂಕಿನ್ ಅವರ ಎರಡು ಅವಧಿಗಳು

ಮಾನ್ಯರೇ,

ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಮಹಿಳೆ ಜೀನೆಟ್ ರ‍್ಯಾಂಕಿನ್ ಅವರನ್ನು ಕುರಿತು ನಾವು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ ಟಿಪ್ಪಣಿಯನ್ನು ಓದಿ, ಎರಡು ಮಹಾಯುದ್ಧಗಳನ್ನೂ ವಿರೋಧಿಸಿ ಎರಡು ಸಲವೂ ಜನರಿಂದ ಸೋಲಿಸಿಕೊಂಡವರನ್ನು ಇಷ್ಟು ಹೊಗಳಬೇಕಿತ್ತೇ ಎಂದು ತಾವು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ ಇದು. ಆದರೆ ನಡೆದದ್ದು ಹಾಗಲ್ಲ.

ಮೊಂಟಾನಾದ ಮಹಿಳೆಯರಿಗೆ 1914ರಲ್ಲಿ ಮತದಾನದ ಹಕ್ಕು ದೊರೆಯುವಂತೆ ಊರೂರು ಸುತ್ತಿ ದುಡಿದಿದ್ದ ರ‍್ಯಾಂಕಿನ್, 1916ರಲ್ಲಿ ರಿಪಬ್ಲಿಕನ್ ಅಭ್ಯರ್ಥಿಯಾಗಿ ಗೆದ್ದಾಗ ಇಡೀ ರಾಜ್ಯವೇ ಅವರ ಕ್ಷೇತ್ರವಾಗಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ಅವರು ಪ್ರಮಾಣವಚನ ಸ್ವೀಕರಿಸಿದ ನಾಲ್ಕೇ ದಿನಕ್ಕೆ ಜರ್ಮನಿಯ ಮೇಲಿನ ಯುದ್ಧಘೋಷಣೆ ಮತಕ್ಕೆ ಬಂತು. ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಅದನ್ನು ವಿರೋಧಿಸಿದ 50 ಮಂದಿಯಲ್ಲಿ 49 ಮಂದಿ ಪುರುಷರೇ ಆಗಿದ್ದರೂ ಟೀಕೆಯ ಬಹುಪಾಲು ಎರಗಿದ್ದು ರ‍್ಯಾಂಕಿನ್ ಅವರ ಮೇಲೆ. ಇದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಆ ಬೇಸಿಗೆಯಲ್ಲಿ ಬ್ಯೂಟ್ ನಗರದ ಗಣಿಯೊಂದರಲ್ಲಿ ಬೆಂಕಿ ಬಿದ್ದು 160ಕ್ಕೂ ಹೆಚ್ಚು ಕಾರ್ಮಿಕರು ಸತ್ತಾಗ, ಮುಷ್ಕರ ಹೂಡಿದವರ ಪರವಾಗಿ ನಿಂತು ಬಲಾಢ್ಯ ಅನಕೊಂಡಾ ತಾಮ್ರದ ಕಂಪನಿಯನ್ನೂ ಅವರು ಎದುರು ಹಾಕಿಕೊಂಡರು. ಮುಂದಿನ ಚುನಾವಣೆಯ ಹೊತ್ತಿಗೆ ರಾಜ್ಯವನ್ನು ಎರಡು ಕ್ಷೇತ್ರಗಳಾಗಿ ಒಡೆಯಲಾಗಿ, ಅವರ ಪಾಲಿಗೆ ಬಂದದ್ದು ಡೆಮಾಕ್ರಟಿಕ್ ಪಕ್ಷದ ಹಿಡಿತದಲ್ಲಿದ್ದ ಪಶ್ಚಿಮ ಭಾಗ. ಆದ್ದರಿಂದಲೇ ಅವರು ಇಡೀ ರಾಜ್ಯದ ಮತದಾರರು ಆರಿಸುವ ಮೇಲ್ಮನೆಯಾದ ಸೆನೆಟ್‌ಗೆ ಸ್ಪರ್ಧಿಸಿದರು, ಸೋತರು. ಯುದ್ಧದ ಮತವೊಂದೇ ಅವರನ್ನು ಮನೆಗೆ ಕಳುಹಿಸಿತೆನ್ನಲು ಆಗದು.

ಅದಕ್ಕೂ ಮುನ್ನ, 1918ರ ಜನವರಿಯಲ್ಲಿ, ದೇಶದ ಎಲ್ಲ ಮಹಿಳೆಯರಿಗೂ ಮತದಾನದ ಹಕ್ಕು ನೀಡುವ ತಿದ್ದುಪಡಿಯ ಚರ್ಚೆಯನ್ನು ಸಭೆಯಲ್ಲಿ ಆರಂಭಿಸಿದವರು ಅವರೇ. ಪ್ರತಿನಿಧಿ ಸಭೆ ಒಪ್ಪಿದರೂ ಸೆನೆಟ್ ಒಪ್ಪಲಿಲ್ಲ. 1920ರಲ್ಲಿ ತಿದ್ದುಪಡಿ ಜಾರಿಗೆ ಬಂದಾಗ ಅವರು ಸದಸ್ಯರಾಗಿ ಉಳಿದಿರಲಿಲ್ಲ.

1941ರ ಮತದ ವಿಚಾರದಲ್ಲಿ ತಮ್ಮ ಆಕ್ಷೇಪಕ್ಕೆ ತೂಕವಿದೆ. ಪರ್ಲ್ ಹಾರ್ಬರ್ ದಾಳಿಯ ಮರುದಿನ ಜಪಾನಿನ ಮೇಲೆ ಯುದ್ಧ ಸಾರುವ ನಿರ್ಣಯದ ಪರ 388 ಮತಗಳು ಬಿದ್ದವು. ವಿರುದ್ಧ ಬಿದ್ದದ್ದು ರ‍್ಯಾಂಕಿನ್ ಅವರದೊಂದೇ. ದಾಳಿಗೊಳಗಾದ ದೇಶಕ್ಕೆ ಬೇರೆ ದಾರಿಯಿರಲಿಲ್ಲವೆಂದೇ ನನ್ನ ಎಣಿಕೆ. ಹಾಗಿದ್ದರೂ, ದೇಶವನ್ನು ಯುದ್ಧದಿಂದ ದೂರವಿಡುತ್ತೇನೆಂದು ಹೇಳಿಯೇ 1940ರಲ್ಲಿ ಗೆದ್ದಿದ್ದ ಅವರು, ರೊಚ್ಚಿಗೆದ್ದ ಜನರಿಂದ ತಪ್ಪಿಸಿಕೊಳ್ಳಲು ದೂರವಾಣಿ ಕೋಣೆಯೊಳಗೆ ಸೇರಬೇಕಾಗಿ ಬಂದಾಗಲೂ ಆ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಇನ್ನು ಸೋಲಿನ ಮಾತು: 1942ರಲ್ಲಿ ಅವರು ಮರುಆಯ್ಕೆ ಬಯಸಿ ನಿಲ್ಲಲೇ ಇಲ್ಲ.

ಆಮೇಲಿನ ದಶಕಗಳಲ್ಲಿ ಗಾಂಧೀಜಿಯವರ ಅಹಿಂಸಾಮಾರ್ಗವನ್ನು ಅರಿಯಲೆಂದು ಅವರು ಹಲವು ಬಾರಿ ಭಾರತಕ್ಕೆ ಬಂದರು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ 1968ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ವಾಷಿಂಗ್ಟನ್‌ನಲ್ಲಿ ನಡೆಸಿದ ಮೆರವಣಿಗೆ ಅವರದೇ ಹೆಸರನ್ನು ಹೊತ್ತಿತ್ತು. 87ನೆಯ ವಯಸ್ಸಿನಲ್ಲಿ ಅದರ ಮುಂದಾಳಾಗಿ ನಡೆದವರೂ ಅವರೇ.

— ಸಂಪಾದಕ