ಕಡತವನ್ನು ಒದ್ದೆ ಬಟ್ಟೆಯಿಂದ ಒರೆಸಬಹುದೇ?

ಚಿತ್ರದುರ್ಗದ ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕ ಕಪ್ಪು ಬಟ್ಟೆಯ ಮಡಿಕೆ ಪುಸ್ತಕದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬಹುದೇ ಎಂದು ಕೇಳಿದ್ದೀರಿ, ದಯವಿಟ್ಟು ಒರೆಸಬೇಡಿ. ನಿಮ್ಮ ವಿವರಣೆಯಂತೆ ಅದು ಕಡತ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲು ಅನುಕೂಲವಾಗಿದ್ದ ಆ ಗುಣವೇ ಇಂದು ಅದಕ್ಕೆ ಅಪಾಯ, ಏಕೆಂದರೆ ಅಕ್ಷರಗಳು ಬಟ್ಟೆಯೊಳಗೆ ಇಳಿಯದೆ ಮೇಲೆಯೇ ಕುಳಿತಿರುತ್ತವೆ. ತಾಳೆಗರಿಗೆ ಹಚ್ಚುವ ಎಣ್ಣೆಯೂ ಇದಕ್ಕೆ ಸಲ್ಲದು. ಅಂಟಿಕೊಂಡ ಮಡಿಕೆಗಳನ್ನು ಬಲವಂತವಾಗಿ ಬಿಡಿಸದೆ, ಈಗ ಕಾಣುವ ಪುಟಗಳ ಫೋಟೊವನ್ನು ಓರೆ ಬೆಳಕಿನಲ್ಲಿ ತೆಗೆದುಕೊಂಡು, ಕಡತವನ್ನು ಒಣಗಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ. ಅಂಟಿಗೆ ಹುಳು ಬೀಳುವುದರಿಂದ ಆಗಾಗ ನೋಡುತ್ತಿರಿ. ಆ ಫೋಟೊಗಳನ್ನು 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೆ ತೋರಿಸಿದ ನಂತರವೇ ಮುಂದಿನ ಕೆಲಸಕ್ಕೆ ಕೈಹಾಕಿ.