ಕಾಲಿನ ನೋವು ಪ್ರಾರ್ಥನಾ ವಿಷಯವಾಯಿತು, ಕೋಚ್‌ಗೂ ಗೊತ್ತಾಯಿತು

ಪ್ರಶ್ನೆ: ನಾನು ಗದಗ-ಬೆಟಗೇರಿ ಕಡೆಯವಳು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದೆ. ಓಟದ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ, ಈಗ ಎರಡನೇ ವರ್ಷ. ಮೊದಲ ಚಳಿಗಾಲದಲ್ಲಿ ರೂಮಿನಲ್ಲಿ ಕೂತು ಅಳುತ್ತಿದ್ದಾಗ ಕೈಹಿಡಿದದ್ದು ಕ್ಯಾಂಪಸ್ಸಿನ ಕ್ರೈಸ್ತ ಕ್ರೀಡಾಪಟುಗಳ ಗುಂಪು. ಅಲ್ಲಿನ ಒಬ್ಬ ಅಕ್ಕ ನನ್ನ ಮೆಂಟರ್. ಅವರೂ ಹಿಂದೆ ಇದೇ ತಂಡಕ್ಕೆ ಓಡಿದವರು. ವಾರಕ್ಕೊಮ್ಮೆ ಕಾಫಿ, ಬೈಬಲ್, ಮಾತು. ಎರಡು ತಿಂಗಳಿಂದ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಒಂದೇ ಜಾಗದಲ್ಲಿ ನೋವು. ಹೆಬ್ಬೆರಳಿಂದ ಒತ್ತಿದರೆ ಜೀವ ಹೋಗುತ್ತದೆ. ಮುಟ್ಟು ನಿಂತು ನಾಲ್ಕು ತಿಂಗಳಾಯಿತು. ಇದನ್ನು ಅಕ್ಕನಿಗೆ ಮಾತ್ರ ಹೇಳಿದ್ದೆ. ಇದು ಪರೀಕ್ಷೆ, ಪ್ರಾರ್ಥಿಸು ಅಂದರು. ತಮ್ಮ ಜೊತೆ 21 ದಿನದ ದಾನಿಯೇಲನ ಉಪವಾಸಕ್ಕೆ (ಬೈಬಲ್‌ನ ದಾನಿಯೇಲನ ಹಾಗೆ ಕಾಯಿಪಲ್ಲೆಯಂಥದ್ದನ್ನು ಮಾತ್ರ ತಿನ್ನುವುದು) ಸೇರಿಸಿಕೊಂಡರು. ದೇವರಿಗಾಗಿ ಸ್ಕಾಟ್ಲೆಂಡ್‌ನ ಓಟಗಾರ ಎರಿಕ್ ಲಿಡೆಲ್ ಏನೆಲ್ಲ ಬಿಟ್ಟ ನೋಡು ಅಂದರು. ಆಮೇಲೆ ನನ್ನ ಕಾಲಿನ ವಿಷಯವನ್ನು ಪ್ರಾರ್ಥನಾ ವಿಷಯ ಅಂತ ಗ್ರೂಪಿನಲ್ಲಿ ಹಾಕಿದರು. ಅದರಲ್ಲಿ ನಮ್ಮ ಅಸಿಸ್ಟೆಂಟ್ ಕೋಚ್ ಕೂಡ ಇದ್ದಾರೆ. ಮಾರನೇ ದಿನ ಅವರು ‘ಎಲ್ಲ ಸರಿ ಇದೆಯಾ’ ಅಂದಾಗ ಹೆದರಿ ‘ಇದೆ’ ಅಂದೆ. ಇನ್ನೊಂದು ವಿಷಯ. ಕೂಸಿದ್ದಾಗ ಆದ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ, ಸೀಸನ್‌ಗೆ ಮೊದಲು ಮತ್ತೆ ಮಾಡಿಸಿಕೋ ಅನ್ನುತ್ತಾರೆ. ಅಮ್ಮ ಇದನ್ನು ಕೇಳಿ ಫೋನಿನಲ್ಲೇ ಅತ್ತಳು. ಅಕ್ಕನನ್ನು ಬಿಡಬೇಕಾ? ನನ್ನ ನಂಬಿಕೆಯೇ ಕಡಿಮೆಯಾ?

ಉತ್ತರ: ಮೊದಲು ಕಾಲು. ಉಳಿದದ್ದೆಲ್ಲ ಆಮೇಲೆ.

ಒಂದೇ ಜಾಗದಲ್ಲಿ ಒತ್ತಿದರೆ ನೋವು, ಜೊತೆಗೆ ಮುಟ್ಟು ನಿಂತಿದೆ, ಮೇಲಿಂದ ಉಪವಾಸ. ಈ ಮೂರನ್ನು ಒಟ್ಟಿಗೆ ಓದಿದಾಗ ನನಗೆ ಎದೆ ಧಸಕ್ಕೆಂದಿತು. ದೂರದ ಓಟ ಓಡುವ ಹುಡುಗಿಯರಲ್ಲಿ ಇದು ತುಂಬಾ ಕೇಳಿಬರುವ ಕಥೆ. ಓಡುವುದಕ್ಕೆ ಖರ್ಚಾಗುವಷ್ಟು ಆಹಾರ ಒಳಗೆ ಹೋಗದಿದ್ದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಮೂಳೆಯ ರಿಪೇರಿಯನ್ನು ಮುಂದಕ್ಕೆ ಹಾಕುತ್ತದೆ, ಆಮೇಲೆ ಮೂಳೆಯಲ್ಲಿ ಸಣ್ಣ ಬಿರುಕು ಶುರುವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೊಂದು ಹೆಸರಿಟ್ಟು ಎಚ್ಚರಿಸಿದೆ, ರೆಡ್-ಎಸ್ ಅಂತ. ನಿನಗೆ ಆಗಿರುವುದು ಅದೇ ಅಂತ ಪತ್ರ ಓದಿ ಹೇಳಲು ನಾನು ಡಾಕ್ಟರ್ ಅಲ್ಲ. ಆದರೆ ನಾಳೆ ಬೆಳಗ್ಗೆ ಪ್ರಾಕ್ಟೀಸಿಗೆ ಹೋಗುವ ಬದಲು ಟ್ರೇನಿಂಗ್ ರೂಮಿಗೆ ಹೋಗಿ ಗಾಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್ ಮುಂದೆ ಆ ಜಾಗ ತೋರಿಸು. ಮುಟ್ಟಿನ ವಿಷಯ ನೀನೇ ಬಾಯಿಬಿಟ್ಟು ಹೇಳು, ಅವರು ಕೇಳಲಿ ಅಂತ ಕಾಯಬೇಡ. ಉಪವಾಸದ ವಿಷಯವನ್ನೂ ಮುಚ್ಚಿಡಬೇಡ. ಎಂಆರ್‌ಐ ಮಾಡುತ್ತೀರಾ ಅಂತ ಕೇಳು, ಯಾಕೆಂದರೆ ಶುರುವಿನ ಬಿರುಕು ಎಷ್ಟೋ ಸಲ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಬೇಗ ಗೊತ್ತಾದರೆ ಕೆಲವು ವಾರದ ವಿಶ್ರಾಂತಿಯಲ್ಲಿ ಮುಗಿಯಬಹುದಾದದ್ದು, ಸುಮ್ನೆ ಓಡಿಕೊಂಡು ಹೋದರೆ ಪೂರ್ತಿ ಮುರಿದು ತಿಂಗಳುಗಟ್ಟಲೆ ಎಳೆಯುತ್ತದೆ.

ಕೋಚ್‌ಗೆ ಗೊತ್ತಾದರೆ ಸ್ಕಾಲರ್‌ಶಿಪ್ ಹೋಗುತ್ತದೆ ಅನ್ನುವ ಭಯ ನಿನಗೆ, ಅಲ್ವಾ? ಅದಕ್ಕೇ ತಾನೆ ‘ಸರಿ ಇದೆ’ ಅಂದದ್ದು. ನೀನಿರುವುದು ಡಿವಿಷನ್ 1, ಅಂದರೆ ಅಲ್ಲಿನ ಕಾಲೇಜು ಕ್ರೀಡೆಯ ಮೇಲಿನ ಹಂತದ ತಂಡ ಅಂತ ಅಂದುಕೊಂಡು ಹೇಳುತ್ತೇನೆ. ಅಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ನಿಯಮದಂತೆ ಕೊಟ್ಟ ಅವಧಿ ಮುಗಿಯುವ ಮೊದಲು ಗಾಯವಾಯಿತು ಅನ್ನುವ ಕಾರಣಕ್ಕೆ ಸ್ಕಾಲರ್‌ಶಿಪ್ ಕಡಿಮೆ ಮಾಡುವ ಹಾಗಿಲ್ಲ, ರದ್ದು ಮಾಡುವ ಹಾಗಂತೂ ಇಲ್ಲವೇ ಇಲ್ಲ. ನಿನ್ನ ಸ್ಕಾಲರ್‌ಶಿಪ್ ಪತ್ರ ಒಂದು ವರ್ಷದ್ದಾ, ಪೂರ್ತಿ ಡಿಗ್ರಿಯದ್ದಾ? ಇವತ್ತೇ ತೆಗೆದು ಓದು. ವರ್ಷವರ್ಷ ನವೀಕರಿಸುವ ಒಪ್ಪಂದವಾದರೆ ಮುಂದಿನ ವರ್ಷದ ಚಿಂತೆ ಬೇರೆ, ಅದನ್ನು ಆಮೇಲೆ ನೋಡೋಣ. ಮತ್ತೆ ಯಾವಾಗ ಓಟಕ್ಕೆ ಇಳಿಯಬೇಕು ಅನ್ನುವುದರಲ್ಲಿ ಕೊನೆಯ ಮಾತು ತಂಡದ ಡಾಕ್ಟರ್ ಮತ್ತು ಟ್ರೇನರ್‌ದು, ಕೋಚ್‌ದಲ್ಲ. ವೀಸಾದ ಹೆದರಿಕೆಯೂ ಇರಬಹುದು. ಎಫ್-1 ವೀಸಾ ನಿಂತಿರುವುದು ನೀನು ಪೂರ್ಣಾವಧಿ ವಿದ್ಯಾರ್ಥಿನಿ ಅನ್ನುವುದರ ಮೇಲೆ, ತಂಡದಲ್ಲಿ ಓಡುತ್ತೀಯಾ ಅನ್ನುವುದರ ಮೇಲಲ್ಲ.

ಈಗ ಅಕ್ಕನ ವಿಷಯ.

ಅವರು ಕೆಟ್ಟವರು ಅಂತ ನನಗೆ ಅನಿಸುವುದಿಲ್ಲ. ಊರು, ಭಾಷೆ, ಊಟ ಎಲ್ಲ ಬಿಟ್ಟು ಹಿಮದಲ್ಲಿ ಕೂತು ಅಳುತ್ತಿದ್ದ ಹುಡುಗಿಗೆ ವಾರವಾರ ಸಮಯ ಕೊಟ್ಟವರು ಅವರು. ಸಂಬಳ ತಗೊಂಡು ಮಾಡಿದ ಕೆಲಸವಲ್ಲ ಅದು. ಆ ಪ್ರೀತಿ ನಿಜ. ಆದರೆ ಪ್ರೀತಿ ಇದೆ ಅಂತ ಎಲ್ಲದಕ್ಕೂ ಅವರ ಮಾತೇ ಕೊನೆ ಅಂತ ಆಗಬೇಕಿಲ್ಲ. ನಿನ್ನ ಬದುಕಿನಲ್ಲಿ ಅವರು ಸ್ನೇಹಿತೆ, ಗುರು, ಡಾಕ್ಟರ್, ಡಯಟಿಷಿಯನ್, ಸಭಾಪಾಲಕರು ಎಲ್ಲವೂ ಆಗಿಬಿಟ್ಟಿದ್ದಾರೆ. ತೊಂದರೆ ಇರುವುದು ಅಲ್ಲಿ. ಯಾರಿಂದಲೂ ಅಷ್ಟೆಲ್ಲ ಆಗುವುದಿಲ್ಲ.

ಲಿಡೆಲ್‌ನ ಹೆಸರು ಎತ್ತಿದ್ದಾರಲ್ಲ, ಅವನದೇ ಕಥೆ ನೋಡು. ಅವನೂ ನಿನ್ನ ಹಾಗೆ ಕಾಲೇಜು ಓಟಗಾರ, ಎಡಿನ್‌ಬರೋ ವಿಶ್ವವಿದ್ಯಾಲಯದವನು. ಅವನ ಓಟ ನೋಡಿಕೊಳ್ಳುತ್ತಿದ್ದದ್ದು ಟಾಮ್ ಮೆಕ್‌ಕರ್ಚರ್ ಎಂಬ ಟ್ರೇನರ್. ಜನರ ಮುಂದೆ ನಿಂತು ನಿನ್ನ ನಂಬಿಕೆಯ ಬಗ್ಗೆ ಮಾತಾಡು ಅಂತ 1923ರಲ್ಲಿ ಅವನನ್ನು ಕರೆದದ್ದು ಡಿ.ಪಿ. ಥಾಮ್ಸನ್ ಎಂಬ ಬೇರೆಯೇ ವ್ಯಕ್ತಿ. ಓಟಕ್ಕೊಬ್ಬ, ನಂಬಿಕೆಗೊಬ್ಬ. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹೀಟ್ಸ್ (ಮೊದಲ ಸುತ್ತಿನ ಓಟಗಳು) ಭಾನುವಾರ ಅಂತ ಗೊತ್ತಾದಾಗ, ಅದು ದೇವರ ದಿನ, ಓಡುವುದಿಲ್ಲ ಅಂದ. ಅದು ತಿಂಗಳುಗಳ ಮೊದಲೇ ತಾನಾಗಿ ಮಾಡಿದ ತೀರ್ಮಾನ. ಆಮೇಲೆ 400 ಮೀಟರ್‌ಗೆ ಸರಿಯಾಗಿ ತಯಾರಿ ಮಾಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಅವನು ಬಿಟ್ಟದ್ದು ಒಂದು ಓಟವನ್ನು. ಮುರಿದ ಕಾಲಿನಲ್ಲಿ ಓಡಿ ದೇವರಿಗೆ ಅರ್ಪಣೆ ಅನ್ನಲಿಲ್ಲ. ಅವನ ಉದಾಹರಣೆ ಹಿಡಿದರೆ, ನೀನು ಮುಂದಿನ ರೇಸ್ ಬಿಡುವುದೇ ಅವನ ದಾರಿಗೆ ಹತ್ತಿರ.

ಉಪವಾಸವನ್ನು ಇವತ್ತೇ ನಿಲ್ಲಿಸು. ದಾನಿಯೇಲನ ಹೆಸರಿನ ಉಪವಾಸ ನಿಲ್ಲಿಸುವುದಕ್ಕೆ ಅಪರಾಧಿ ಭಾವ ಬೇಡ. ಬೈಬಲ್‌ನಲ್ಲಿ ಅವನ ಪುಸ್ತಕದ ಮೊದಲ ಅಧ್ಯಾಯ ತೆಗೆದು ಓದು. ಕಾಯಿಪಲ್ಲೆ ಮಾತ್ರ ತಿನ್ನುತ್ತೇವೆ, ಹತ್ತು ದಿನ ಬಿಟ್ಟು ನಮ್ಮ ಮುಖ ನೋಡಿ ತೀರ್ಮಾನ ಮಾಡು ಅಂತ ಮೇಲ್ವಿಚಾರಕನಿಗೆ ಹೇಳಿದವನು ಅವನೇ. ದೇಹ ಹೇಗಿದೆ ಅಂತ ನೋಡುವುದು ಅಲ್ಲಿ ಷರತ್ತು. ಪ್ರವಾದಿ ಎಲೀಯ ಸಾಕಾಗಿ ಗಿಡದ ಕೆಳಗೆ ಮಲಗಿ ಸಾವು ಬೇಡಿದಾಗ ದೇವದೂತ ಪ್ರವಚನ ಕೊಡಲಿಲ್ಲ, ರೊಟ್ಟಿ, ನೀರು ಕೊಟ್ಟು ಎದ್ದು ತಿನ್ನು ಅಂದ, ಅದೂ ಎರಡು ಸಲ. ಇನ್ನು ಇಂಥ ಮೆಂಟರಿಂಗ್ ಗುಂಪುಗಳಲ್ಲಿ ಬಾಯಿಗೆ ಬರುವ ಮೊದಲ ಜೋಡಿ ಅಪೊಸ್ತಲ ಪೌಲ, ಅವನ ಶಿಷ್ಯ ತಿಮೊಥೆಯ ತಾನೆ? ತಿಮೊಥೆಯನಿಗೆ ಆಗಾಗ ಹೊಟ್ಟೆ ಸರಿ ಇರುತ್ತಿರಲಿಲ್ಲ. ಅವನಿಗೆ ಕಳಿಸಿದ ಪತ್ರದಲ್ಲಿ ಪೌಲ ನಿನ್ನ ನಂಬಿಕೆ ಸಾಲದು ಅಂತ ಬರೆಯಲಿಲ್ಲ. ಬರೀ ನೀರು ಕುಡಿಯಬೇಡ, ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಆ ಕಾಲಕ್ಕೆ ಗೊತ್ತಿದ್ದ ಔಷಧ ಅದು. ನೀನು ಡಾಕ್ಟರ್ ಹತ್ತಿರ ಹೋಗುವುದರಿಂದ ನಂಬಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಪ್ರಾರ್ಥನಾ ವಿಷಯ ಅಂತ ಗ್ರೂಪಿನಲ್ಲಿ ಹಾಕಿದ್ದಕ್ಕೆ. ಕಾಫಿ ಕುಡಿಯುತ್ತಾ ನಂಬಿ ಹೇಳಿದ ಮಾತು, ಅದರಲ್ಲೂ ಒಂದು ಹುಡುಗಿಯ ದೇಹದ ಮಾತು, ಅವಳನ್ನು ಕೇಳದೆ ಗ್ರೂಪಿನವರೆಲ್ಲರ ಫೋನಿಗೆ ಹೋಗಬಾರದು. ಮೇಲೆ ‘ದಯವಿಟ್ಟು ಪ್ರಾರ್ಥಿಸಿ’ ಅಂತ ಬರೆದರೂ ಅದು ಹೊರಗೆ ಹೋದ ಗುಟ್ಟೇ. ಅಸಿಸ್ಟೆಂಟ್ ಕೋಚ್ ಅಲ್ಲಿ ಯಾಕಿದ್ದಾರೆ ಅಂತ ನಿನಗೆ ಅನಿಸಿರಬಹುದು. ಅಮೆರಿಕದಲ್ಲಿ ಈ ಕ್ರೈಸ್ತ ಕ್ರೀಡಾಪಟು ಚಳವಳಿ ಬೆಳೆದದ್ದೇ ಕೋಚ್‌ಗಳ ಮೂಲಕ. ಅದರಲ್ಲಿ ದೊಡ್ಡದಾದ ಫೆಲೋಶಿಪ್ ಆಫ್ ಕ್ರಿಶ್ಚಿಯನ್ ಅಥ್ಲೀಟ್ಸ್ ಅನ್ನು 1954ರಲ್ಲಿ ಶುರು ಮಾಡಿದ ಡಾನ್ ಮೆಕ್ಲಾನನ್ ಸ್ವತಃ ಬ್ಯಾಸ್ಕೆಟ್‌ಬಾಲ್ ಕೋಚ್. ಹಾಗಾಗಿ ಕೋಚ್ ಜೊತೆ ಕೈ ಹಿಡಿದು ಪ್ರಾರ್ಥಿಸುವುದು ಅಲ್ಲಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಅದರಿಂದ ಒಳ್ಳೆಯದೂ ಆಗಿದೆ. ಆದರೆ ಯಾರು ರೇಸಿಗೆ ಇಳಿಯಬೇಕು ಅನ್ನುವ ಚರ್ಚೆಯಲ್ಲಿ ಕೂರುವ ವ್ಯಕ್ತಿಯ ಮುಂದೆ ನೀನು ಮನಸ್ಸು ಬಿಚ್ಚುವುದು ಹೇಗೆ? ನಿನ್ನದು ಸರ್ಕಾರಿ ವಿಶ್ವವಿದ್ಯಾಲಯ. ಕೋಚ್ ಅಲ್ಲಿ ತಾವು ಪ್ರಾರ್ಥಿಸಬಹುದು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಬ್ಬ ಹೈಸ್ಕೂಲ್ ಫುಟ್‌ಬಾಲ್ ಕೋಚ್ ಪರವಾಗಿ ಹಾಗೆ ತೀರ್ಪು ಕೊಟ್ಟಿದೆ. ವಿದ್ಯಾರ್ಥಿಗಳ ಮೇಲೆ ಒತ್ತಡ ಹಾಕುವ ಹಕ್ಕನ್ನು ಅದು ಕೊಟ್ಟಿಲ್ಲ. ನೀನು ಗುಂಪಿಗೆ ಬಂದೆಯಾ, ಮತ್ತೆ ದೀಕ್ಷಾಸ್ನಾನ ತಗೊಂಡೆಯಾ ಅನ್ನುವುದು ತಂಡದಲ್ಲಿ ನಿನ್ನ ಜಾಗವನ್ನು ತೀರ್ಮಾನಿಸುವ ಹಾಗಿಲ್ಲ. ಹಾಗೆ ಆಗುತ್ತಿದೆ ಅನಿಸಿದರೆ ಫ್ಯಾಕಲ್ಟಿ ಅಥ್ಲೆಟಿಕ್ಸ್ ರೆಪ್ರೆಸೆಂಟೇಟಿವ್ ಅಂತ ಒಬ್ಬ ಪ್ರಾಧ್ಯಾಪಕರು ಇರುತ್ತಾರೆ, ಎನ್‌ಸಿಎಎ ಕಾಲೇಜುಗಳಲ್ಲೆಲ್ಲ ಇರಲೇಬೇಕು. ಅವರನ್ನು ಹುಡುಕಿ ಮಾತಾಡು.

ಅಕ್ಕನಿಗೆ ಮೆಸೇಜ್‌ನಲ್ಲಿ ಬರೆಯಬೇಡ, ಎದುರಿಗೆ ಕೂತು ಹೇಳು. ಹೀಗೆ ಹೇಳಬಹುದು: ‘ನೀವು ಇಲ್ಲದಿದ್ದರೆ ಮೊದಲ ವರ್ಷವೇ ಊರಿಗೆ ಓಡಿಹೋಗುತ್ತಿದ್ದೆ. ಆದರೆ ನನ್ನ ಕಾಲಿನ ವಿಷಯ ಗ್ರೂಪಿಗೆ ಹಾಕಿದ್ದು ನನಗೆ ತುಂಬಾ ನೋವಾಯಿತು. ಇನ್ನು ಮೇಲೆ ನಾನು ಹೇಳಿದ್ದು ನಮ್ಮಿಬ್ಬರಲ್ಲೇ ಇರಲಿ. ಕಾಲು, ಊಟ ಡಾಕ್ಟರ್ ಹೇಳಿದ ಹಾಗೆ. ನೀವು ನನ್ನ ಜೊತೆ ಪ್ರಾರ್ಥಿಸಿ, ಅಷ್ಟು ಸಾಕು.’ ಹೇಳಿ ಸುಮ್ಮನಿರು. ಅವರು ಏನು ಮಾಡುತ್ತಾರೆ ನೋಡು. ಕಣ್ಣಲ್ಲಿ ನೀರು ತಂದುಕೊಂಡು ತಪ್ಪಾಯಿತು ಅಂದರೆ, ಸ್ಕ್ಯಾನ್ ದಿನ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದರೆ, ಅಂಥವರನ್ನು ಬಿಡಬೇಡ. ಬದಲಿಗೆ ನಿನ್ನಲ್ಲಿ ಅಹಂಕಾರ ಬಂದಿದೆ, ಸೈತಾನ ಮಾತಾಡಿಸುತ್ತಿದ್ದಾನೆ ಅಂದರೆ ನಮಸ್ಕಾರ ಹೇಳಿ ಎದ್ದು ಬಾ. ಆ ಊರಿನಲ್ಲಿ ಬೇರೆ ಸಭೆಗಳೂ ಇವೆ, ಬೇರೆ ಅಕ್ಕಂದಿರೂ ಇದ್ದಾರೆ.

ದೀಕ್ಷಾಸ್ನಾನಕ್ಕೆ ಗಡಿಬಿಡಿ ಏನೂ ಇಲ್ಲ. ಕೂಸಿಗೆ ಕೊಡಬೇಕಾ, ದೊಡ್ಡವರಾಗಿ ತಗೋಬೇಕಾ ಅನ್ನುವುದು 1525ರಲ್ಲಿ ಜ್ಯೂರಿಕ್‌ನಲ್ಲಿ ದೊಡ್ಡವರು ಮತ್ತೆ ದೀಕ್ಷಾಸ್ನಾನ ತಗೊಂಡಾಗಿನಿಂದ ಕ್ರೈಸ್ತರಲ್ಲೇ ನಡೆದುಬಂದ ಜಗಳ. ಎರಡೂ ಕಡೆ ದೇವರಿಗೆ ಹೆದರಿ ನಡೆದವರಿದ್ದಾರೆ. ಅದನ್ನು ನೀನು ಒಂದು ರೇಸಿಗೆ ಮೊದಲು, ಹಸಿದ ಹೊಟ್ಟೆಯಲ್ಲಿ, ತಂಡದವರೆಲ್ಲ ನೋಡುತ್ತಿರುವಾಗ ಬಗೆಹರಿಸಬೇಕಿಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡ್‌ನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರ ಕಾಲದಿಂದ ನಿಮ್ಮ ಕಡೆಯ ಸಭೆಗಳಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಡುತ್ತಾ ಬಂದಿದ್ದಾರೆ. ದೊಡ್ಡವಳಾದ ಮೇಲೆ ಕನ್ಫರ್ಮೇಶನ್ (ನಂಬಿಕೆಯನ್ನು ತಾನೇ ಒಪ್ಪಿ ಹೇಳುವ ವಿಧಿ) ಆಗಿದ್ದರೆ, ಅಲ್ಲಿ ಎಲ್ಲರ ಮುಂದೆ ಹೌದು ಅಂದದ್ದು ನೀನೇ. ಅದು ಸಾಲದು ಅಂತ ಮುಂದೆ ಯಾವತ್ತೋ ನಿನಗೇ ಅನಿಸಿದರೆ ಆಗ ನೋಡು. ಮೊದಲು ರಜೆಗೆ ಬಂದಾಗ ನಿಮ್ಮ ಸಭಾಪಾಲಕರ ಹತ್ತಿರ ಒಂದು ದಿನ ಕೂತು ಕೇಳು, ಅಲ್ಲಿಯವರೆಗೆ ಅಕ್ಕನಿಗೆ ‘ಈಗ ಬೇಡ’ ಅಂದರೆ ಸಾಕು, ಕಾರಣ ಕೊಡಬೇಕಿಲ್ಲ.

ಅಮ್ಮ ಅತ್ತದ್ದು ದೀಕ್ಷಾಸ್ನಾನದ ವಾದಕ್ಕಲ್ಲ ಅಂತ ನನಗೆ ಅನಿಸುತ್ತದೆ. ತಾನು ಎತ್ತಿಕೊಂಡು ಹೋಗಿ ಮಾಡಿಸಿದ್ದು ಲೆಕ್ಕಕ್ಕಿಲ್ಲ ಅಂತ ಮಗಳ ಬಾಯಲ್ಲೇ ಕೇಳಬೇಕಾಯಿತಲ್ಲ, ಅದಕ್ಕೆ. ಕಾಲಿನ ವಿಷಯ ಅಕ್ಕನಿಗೆ ಮಾತ್ರ ಹೇಳಿದ್ದೆ ಅಂತ ಬರೆದಿದ್ದೀಯ, ಅಂದರೆ ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಸ್ಕ್ಯಾನ್ ದಿನ ಗೊತ್ತಾದ ಕೂಡಲೇ ಫೋನ್ ಮಾಡಿ ಹೇಳು, ಮುಟ್ಟಿನ ವಿಷಯವನ್ನೂ ಸೇರಿಸಿ. ಬೈಯುತ್ತಾಳೆ, ಬೈಯಲಿ. ಆಮೇಲೆ ಏನು ತಿಂದೆ ಅಂತ ಕೇಳುತ್ತಾಳೆ, ಆಗ ನಿಜ ಹೇಳು.