ಹೊಸ ಪ್ರಮೇಯ ಇಲ್ಲದೆ ವೇದಿಕೆ ಹತ್ತಬಹುದಾ?

ಪ್ರಶ್ನೆ: ಕಾಲೇಜು ಗಣಿತ ಅಧ್ಯಾಪಕರು, ವಿದ್ಯಾರ್ಥಿಗಳು ಸೇರುವ ಪ್ರಾದೇಶಿಕ ಸಮಾವೇಶದಲ್ಲಿ 15 ನಿಮಿಷ ಮಾತಾಡಬೇಕಿದೆ ಮೇಡಂ. ಕೋನಿಗ್ಸ್‌ಬರ್ಗ್ ಊರಿನ ನದಿಯ 7 ಸೇತುವೆಗಳನ್ನೂ ತಲಾ ಒಂದೇ ಸಲ ದಾಟಿ ಸುತ್ತಾಡಬಹುದಾ ಅನ್ನುವ ಲೆಕ್ಕ ಆರಿಸಿಕೊಂಡಿದ್ದೇನೆ. ಹಳೇ ವಿಷಯ, ನನ್ನದೇ ಸಂಶೋಧನೆ ಏನೂ ಇಲ್ಲ. ನಗುತ್ತಾರಾ?

ಉತ್ತರ: ಯಾರೂ ನಗುವುದಿಲ್ಲ, ಧೈರ್ಯವಾಗಿ ಹೋಗಮ್ಮ. ಇಂಥ ಸಭೆಗಳಲ್ಲಿ ನನಗೆ ನಿದ್ದೆ ಬರಿಸಿದ್ದು ಹಳೇ ವಿಷಯಗಳಲ್ಲ, ಸೂತ್ರ ತುಂಬಿದ ಸ್ಲೈಡುಗಳು.

ಗಣಿತಜ್ಞ ಆಯ್ಲರ್ 1735ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಮುಂದಿಟ್ಟ ವಾದ ತುಂಬ ಸರಳ. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಬೇಕು. ನದಿ ಬೇರ್ಪಡಿಸಿದ ಒಂದು ನೆಲಕ್ಕೆ ಬಂದರೆ ಹೊರಗೆ ಹೋಗಲು ಇನ್ನೊಂದು ಸೇತುವೆ ಬೇಕು, ಅಲ್ವಾ? ಹಾಗಾಗಿ ಹೊರಟ ಜಾಗ, ಮುಗಿಸಿದ ಜಾಗ ಬಿಟ್ಟು ಉಳಿದ ಕಡೆ ಸೇತುವೆಗಳು ಸಮಸಂಖ್ಯೆಯಲ್ಲಿರಬೇಕು. ಅಲ್ಲಿದ್ದ 4 ನೆಲಗಳಲ್ಲಿ ಒಂದಕ್ಕೆ 5, ಉಳಿದ ಮೂರಕ್ಕೆ ತಲಾ 3. ಬೆಸ ಇರಬಹುದಾದದ್ದು ಎರಡೇ, ಇಲ್ಲಿ ನಾಲ್ಕೂ ಬೆಸ. ಹಾಗಾಗಿ ಅಂಥ ದಾರಿಯೇ ಇಲ್ಲ, ಆಟ ಮುಗಿಯಿತು!

ಇಷ್ಟನ್ನು ಬೋರ್ಡಿನಲ್ಲೇ ಬರಿ. ಆಮೇಲೆ ಕೇಳು: ‘ಇನ್ನೊಂದು ಸೇತುವೆ ಕಟ್ಟಿದರೆ?’ ಯಾವ ಎರಡು ನೆಲಗಳ ನಡುವೆ ಕಟ್ಟಿದರೂ ಆ ಎರಡೂ ಸಮವಾಗುತ್ತವೆ, ಬೆಸ ಎರಡೇ ಉಳಿಯುತ್ತವೆ, ದಾರಿ ಸಿಗುತ್ತದೆ. ಹಿಂದಿನ ಬೆಂಚಿನವರೂ ಪೆನ್ನು ತೆಗೆಯುತ್ತಾರೆ, ನೋಡು. ಆಯ್ಲರ್ ಜೀವನಚರಿತ್ರೆ ಮಾತ್ರ ಬೇಡ.

ಹಿರಿಯರೊಬ್ಬರು ‘ಬೆಸ ಎರಡೇ ಇದ್ದರೆ ದಾರಿ ಇದ್ದೇ ಇರುತ್ತದೆ ಅನ್ನಲು ಪುರಾವೆ ಎಲ್ಲಿ?’ ಅಂತ ಕೇಳಬಹುದು. ಆಯ್ಲರ್ ಅದನ್ನು ಹೇಳಿದರು, ಪೂರ್ತಿ ಸಾಧಿಸಲಿಲ್ಲ. ಜರ್ಮನ್ ಗಣಿತಜ್ಞ ಹೀರ್‌ಹೋಲ್ಟ್ಸರ್ ಅವರ ಪುರಾವೆ ಅಚ್ಚಾದದ್ದು 1873ರಲ್ಲಿ. ಅದನ್ನು ಓದಿಕೊಂಡೇ ಹೋಗು.